ಹತ್ತಿರ ಇದೆ, ಆದ್ರೆ ಅದಲ್ಲ

ನಮ್ಮ ಟೀಮಲ್ಲಿ ನೈಜೀರಿಯಾದ ಯೊರುಬಾ ಗೆಳೆಯನೊಬ್ಬ ಇದ್ದಾನೆ. ಬೆಂಗಳೂರಿಗೆ ಬಂದಾಗಿನಿಂದ ಅವನು ಹುಡುಕ್ತಿರೋದು ಒಂದೇ: ಅಮಲಾ. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟನ್ನು ಕುದಿಯೋ ನೀರಿಗೆ ಹಾಕಿ, ಕೋಲಲ್ಲಿ ತಿರುವಿ ಮಾಡೋ ಕಂದು ಮುದ್ದೆ. ಜೊತೆಗೆ ಎವೆಡು, ಅಂದ್ರೆ ಸೆಣಬಿನ ಎಲೆಯ ಲೋಳೆ ಸಾರು.

"ಇದು ನಮ್ಮ ಹಿಟ್ಟೇ ಅಲ್ವಾ!" ಅಂತ ಒಂದು ಶನಿವಾರ ಅವನನ್ನು ನಾಗಮಂಗಲಕ್ಕೆ, ನಮ್ಮ ಮನೆಗೆ ಕರ್ಕೊಂಡು ಹೋದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು, ಭತ್ತ, ಕಬ್ಬು. ನಮ್ಮ ಕಡೆ, ಕೆ.ಆರ್. ಪೇಟೆಯ ಒಣಭೂಮಿಯಲ್ಲೂ, ಮಳೆ ನಂಬಿದ ರಾಗಿ. ಆ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದಿದ್ದೇ.

ಅವ್ವ ಹಿಟ್ಟು, ಬಸ್ಸಾರು ಬಡಿಸಿ "ಅಗೀಬ್ಯಾಡ ಕಣಪ್ಪ, ನುಂಗು" ಅನ್ನೋಷ್ಟರಲ್ಲಿ ಅವನು ಮುರಿದು, ಸಾರಲ್ಲಿ ಅದ್ದಿ ನುಂಗೇಬಿಟ್ಟಿದ್ದ. ಅವ್ವನಿಗೆ ಖುಷಿಯೋ ಖುಷಿ. "ಹೆಂಗೈತೆ ಅಂತೆ?" ಅಂದಳು.

ಅವನು ನನಗೆ ಮೆಲ್ಲಗೆ ಹೇಳಿದ: "ಹತ್ತಿರ ಇದೆ. ಆದ್ರೆ ಅದಲ್ಲ."

ಬೇಜಾರಾಗ್ಲಿಲ್ಲ. ಬೆಂಗಳೂರಿನ ಹೋಟೆಲಲ್ಲಿ ಬಸ್ಸಾರು ಉಂಡಾಗೆಲ್ಲ ನನಗೂ ಹಂಗೇ ಅನ್ಸುತ್ತೆ. ಸೊಪ್ಪು-ಕಾಳಿನ ಕಟ್ಟು ಬಸಿದಿರ್ತಾರೆ, ಖಾರ ರುಬ್ಬಿರ್ತಾರೆ, ಆದ್ರೂ ಅದಲ್ಲ.

ಅವನು ಅಮ್ಮನ ಕೈಯ ಅಮಲಾ ಉಂಡು ಎರಡು ವರ್ಷ. ನನ್ನ ‘ಅದು’ ಇರೋದು ಮೂರು ಗಂಟೆ ದಾರಿಯಲ್ಲಿ. ಆದರೂ ಆವತ್ತು ನಾನು ಊರಿಗೆ ಹೋಗಿದ್ದು ಐದು ತಿಂಗಳ ಮೇಲೆ, ಅದೂ ಅವನ ನೆಪದಲ್ಲಿ.

ಹೊರಡುವಾಗ ಅವ್ವ ಇಬ್ಬರಿಗೂ ರಾಗಿಹಿಟ್ಟು ಕಟ್ಟಿಕೊಟ್ಟಳು. ಈಗ ಅವನು ವೀಡಿಯೋ ಕಾಲಲ್ಲಿ ಅವರಮ್ಮನಿಗೆ ತೋರಿಸ್ತಾ ಮುದ್ದೆ ತಿರುವ್ತಾನೆ. ನಾನು ಈಗಷ್ಟೇ ಕೋಲು ಹಿಡಿಯೋದು ಕಲೀತಿದ್ದೀನಿ. ಗಂಟಾದಾಗೆಲ್ಲ ಅವ್ವನಿಗೆ ಫೋನ್ ಮಾಡ್ತೀನಿ.