ಕೋಟಿನ ಗುಂಡಿಯೇ ಅಳತೆಗೋಲು

1938ನೆಯ ಇಸವಿ. ನ್ಯೂಯಾರ್ಕಿನ ಛಾಯಾಚಿತ್ರಕಾರ್ತಿ ಬೆರನೀಸ್ ಆಬಟ್ ಮತ್ತು ಕಲಾವಿಮರ್ಶಕಿ ಎಲಿಜಬೆತ್ ಮೆಕಾಸ್ಲೆಂಡ್ ಇಬ್ಬರೂ ಒಬ್ಬ ಹಿರಿಯ ಛಾಯಾಚಿತ್ರಕಾರರನ್ನು ಸಂಧಿಸಿದರು. ಅವರೇ ಲೂಯಿಸ್ ಹೈನ್. ವಯಸ್ಸು ಅರುವತ್ತು ದಾಟಿತ್ತು, ಕೈಗೆ ಕೆಲಸವಿರಲಿಲ್ಲ, ಸಾಲದಲ್ಲಿದ್ದ ಮನೆ ಕೈಬಿಡುವಂತಿತ್ತು. ಆದರೆ ಅವರ ಬಳಿ ಇದ್ದ ಹಳೆಯ ಚಿತ್ರಗಳ ಬೆಲೆಯನ್ನು ಆ ಇಬ್ಬರೂ ಬಲ್ಲವರಾಗಿದ್ದರು.

ಹೈನರು ಹುಟ್ಟಿದ್ದು 1874ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಆಷ್‌ಕಾಷ್‌ನಲ್ಲಿ. ತಂದೆ ಅಕಾಲದಲ್ಲಿ ತೀರಿಕೊಂಡದ್ದರಿಂದ ಎಳೆಯ ತರುಣನಾಗಿದ್ದಾಗಲೇ ಪೀಠೋಪಕರಣಗಳ ಕಾರ್ಖಾನೆಯನ್ನು ಸೇರಬೇಕಾಯಿತು. ದಿನಕ್ಕೆ 13 ಗಂಟೆಯ ದುಡಿಮೆ. ವಾರಕ್ಕೆ 4 ಡಾಲರ್ ಸಂಬಳ. ಮುಂದೆ ವಿದ್ಯೆ ಕಲಿತು ನ್ಯೂಯಾರ್ಕಿನಲ್ಲಿ ಉಪಾಧ್ಯಾಯರಾದರು. ಕ್ಯಾಮರಾ ಅವರ ಕೈಸೇರಿದ್ದು ಆ ಶಾಲೆಯಲ್ಲಿಯೇ. 1908ರಲ್ಲಿ ಉಪಾಧ್ಯಾಯ ವೃತ್ತಿಯನ್ನು ತೊರೆದು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯ ಪೂರ್ಣಾವಧಿ ಛಾಯಾಚಿತ್ರಕಾರರಾದರು.

ಗಿರಣಿಯ ಬಾಗಿಲು ಇಂಥವರಿಗೆ ಸುಲಭವಾಗಿ ತೆರೆಯುವುದುಂಟೆ? ಹೈನರು ಒಮ್ಮೆ ಬೈಬಲ್ ಮಾರುವವನಾಗಿ, ಇನ್ನೊಮ್ಮೆ ವಿಮೆಯ ಏಜೆಂಟನಾಗಿ, ಮತ್ತೊಮ್ಮೆ ಯಂತ್ರಗಳ ಚಿತ್ರ ತೆಗೆಯಲು ಬಂದವನಾಗಿ ಒಳಹೊಕ್ಕರು. ತಮ್ಮ ವೇಸ್ಟ್‌ಕೋಟಿನ ಒಂದೊಂದು ಗುಂಡಿಯೂ ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂಬುದು ಅವರಿಗೆ ತಿಳಿದಿತ್ತು. ಮಗು ಪಕ್ಕದಲ್ಲಿ ನಿಂತರೆ ಸಾಕು, ಅದರ ಎತ್ತರ ಗೊತ್ತಾಗುತ್ತಿತ್ತು. ಜೇಬಿನೊಳಗೆ ಕೈಯಿಟ್ಟು ಅಲ್ಲಿಯೇ ಗುಟ್ಟಾಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಮಾಲೀಕರು ಅಲ್ಲಗಳೆಯಲಾರದಂತೆ ಪ್ರತಿ ಚಿತ್ರದೊಡನೆ ಸ್ಥಳ, ಕೂಲಿ, ವಯಸ್ಸು ಎಲ್ಲವೂ ಇರಬೇಕೆಂಬುದು ಅವರ ನಿಯಮ.

1908ರ ಡಿಸೆಂಬರಿನಲ್ಲಿ ಉತ್ತರ ಕೆರೊಲಿನಾದ ವಿಟ್ನೆಲ್ ಹತ್ತಿಗಿರಣಿಯಲ್ಲಿ ಒಬ್ಬ ಬಾಲಿಕೆ ಅವರ ಕಣ್ಣಿಗೆ ಬಿದ್ದಳು. ಎತ್ತರ 51 ಅಂಗುಲ. ದಿನಗೂಲಿ 48 ಸೆಂಟು. ಕೆಲವೊಮ್ಮೆ ರಾತ್ರಿಯ ಪಾಳಿಯೂ ಉಂಟು. ವಯಸ್ಸೆಷ್ಟೆಂದು ಕೇಳಿದಾಗ ಹುಡುಗಿ ತಡವರಿಸಿ, ನೆನಪಿಲ್ಲವೆಂದಳು. ಬಳಿಕ ಗುಟ್ಟೊಂದನ್ನು ಹೇಳುವವಳಂತೆ, ಕೆಲಸ ಮಾಡುವಷ್ಟು ವಯಸ್ಸು ತನಗಾಗಿಲ್ಲ, ಆದರೂ ಮಾಡುತ್ತಿದ್ದೇನೆ ಎಂದಳು. ಹೈನರು ಅದನ್ನೂ ಬರೆದಿಟ್ಟರು.

ಇಂಥ ಚಿತ್ರಗಳು ಭಿತ್ತಿಪತ್ರಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರಕಟವಾಗಿ ಜನರನ್ನು ಕಲಕಿದವು. 1916ರಲ್ಲಿ ಬಾಲಕಾರ್ಮಿಕ ಶಾಸನವೊಂದು ಬಂದಿತು. 1918ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಮತ್ತೊಂದು ಸಮಗ್ರ ಶಾಸನ ಬರಲು 1938ರವರೆಗೆ ಕಾಯಬೇಕಾಯಿತು. ಈ ನಡುವೆ 1930–31ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಮೇಲೇಳುತ್ತಿದ್ದಾಗ, ಆಕಾಶದಲ್ಲಿ ತೂಗಾಡುತ್ತ ಉಕ್ಕು ಜೋಡಿಸುವ ಕಾರ್ಮಿಕರನ್ನು ಹೈನರು ಚಿತ್ರಿಸಿದರು. ಆಮೇಲೆ ಸರ್ಕಾರದ ಛಾಯಾಚಿತ್ರ ಯೋಜನೆಯಲ್ಲಿ ಕೆಲಸ ಕೇಳಿದರೂ ದೊರೆಯಲಿಲ್ಲ.

ಆಬಟ್ ಮತ್ತು ಮೆಕಾಸ್ಲೆಂಡ್‌ರ ಪ್ರಯತ್ನದಿಂದ 1939ರಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಮ್ಯೂಸಿಯಮಿನಲ್ಲಿ ಹೈನರ ಚಿತ್ರಪ್ರದರ್ಶನ ನಡೆಯಿತು. ಪ್ರಶಂಸೆ ಬಂದಿತು, ಬಡತನ ಹೋಗಲಿಲ್ಲ. 1940ರ ನವೆಂಬರಿನಲ್ಲಿ ಅವರು ಕಾಲವಾದರು. ಮೂರು ತಿಂಗಳು ಕಳೆದು, 1941ರ ಫೆಬ್ರವರಿಯಲ್ಲಿ, ಅದೇ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪನ್ನು ತಳ್ಳಿಹಾಕಿ ಹೊಸ ಶಾಸನವನ್ನು ಎತ್ತಿಹಿಡಿಯಿತು.

ಸಮಿತಿಗಾಗಿ ಹೈನರು ತೆಗೆದ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸುರಕ್ಷಿತವಾಗಿವೆ. ತನ್ನ ವಯಸ್ಸನ್ನು ಹೇಳಲಂಜಿದ ಆ 51 ಅಂಗುಲದ ಬಾಲಿಕೆಯೂ ಅವುಗಳ ನಡುವೆ, ನೂಲಿನ ಯಂತ್ರದ ಮಗ್ಗುಲಲ್ಲಿ ನಿಂತಿದ್ದಾಳೆ.