ಅಂಕ ಎಷ್ಟು ಎನ್ನುವ ಮೊದಲು ತೂಕ ಎಷ್ಟೆಂದು ಕೇಳಿ

‘ಎಷ್ಟು ಪರ್ಸೆಂಟ್ ಬಂತು?’ ಫಲಿತಾಂಶ ಪ್ರಕಟವಾದ ದಿನ ನೆಂಟರು, ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ಇದೇ. ಒಂದು ಕಾಲದಲ್ಲಿ ಇದಕ್ಕೆ ಉತ್ತರಿಸುವುದು ಸುಲಭವಿತ್ತು. ಎಲ್ಲ ವಿಷಯಗಳ ಅಂಕ ಕೂಡಿ ಶೇಕಡಾ ತೆಗೆದರೆ ಮುಗಿಯಿತು. ಅರವತ್ತು ದಾಟಿದರೆ ಫಸ್ಟ್ ಕ್ಲಾಸ್, ಮನೆಯಲ್ಲಿ ಪಾಯಸ. ಈಗಿನ ಅಂಕಪಟ್ಟಿಯಲ್ಲಾದರೋ ಅಂಕದ ಜೊತೆಗೆ ಕ್ರೆಡಿಟ್, ಗ್ರೇಡ್, ಎಸ್‌ಜಿಪಿಎ, ಸಿಜಿಪಿಎ ಎಂಬ ಕಾಲಂಗಳಿವೆ. ಮಗ ‘ಏಳು ಪಾಯಿಂಟ್ ಆರು’ ಎಂದರೆ ಖುಷಿಪಡಬೇಕೋ ಗದರಬೇಕೋ ತಿಳಿಯದೆ ತಂದೆ ತಾಯಿ ಮುಖ ಮುಖ ನೋಡಿಕೊಳ್ಳುತ್ತಾರೆ. ಎಷ್ಟೋ ವಿದ್ಯಾರ್ಥಿಗಳಿಗೂ ಈ ಲೆಕ್ಕ ಸರಿಯಾಗಿ ಅರ್ಥವಾಗುವುದು ಕಡೆಯ ವರ್ಷದಲ್ಲಿ, ಕೆಲಸದ ಅರ್ಜಿ ತುಂಬುವಾಗ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಕ್ರೆಡಿಟ್ ಎಂದರೇನು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಯೋಗಾಲಯದ ಕೆಲಸಕ್ಕೆ ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್ಟಿನ ವಿಷಯವೆಂದರೆ ಒಂದು ಕ್ರೆಡಿಟ್ಟಿನ ವಿಷಯದ ನಾಲ್ಕರಷ್ಟು ತೂಕದ್ದು. ಪಡೆದ ಅಂಕವನ್ನು ಮೊದಲು ಗ್ರೇಡ್ ಪಾಯಿಂಟಿಗೆ ಇಳಿಸಿ, ಅದನ್ನು ಆ ವಿಷಯದ ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್ಟುಗಳಿಂದ ಭಾಗಿಸಿದರೆ ಬರುವುದೇ ಆ ಸೆಮಿಸ್ಟರಿನ ಸರಾಸರಿ, ಅಂದರೆ ಎಸ್‌ಜಿಪಿಎ.

ನಮ್ಮ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ 90ರಿಂದ 100 ಅಂಕಕ್ಕೆ 10 ಪಾಯಿಂಟ್, 80ರಿಂದ 89ಕ್ಕೆ 9, 70ರಿಂದ 79ಕ್ಕೆ 8, 60ರಿಂದ 69ಕ್ಕೆ 7, 55ರಿಂದ 59ಕ್ಕೆ 6, 50ರಿಂದ 54ಕ್ಕೆ 5, 40ರಿಂದ 49ಕ್ಕೆ 4. ನಲವತ್ತಕ್ಕಿಂತ ಕಡಿಮೆಯಾದರೆ ಸೊನ್ನೆ.

ಇಬ್ಬರು ಗೆಳತಿಯರು ಮೂರು ವಿಷಯ ಬರೆದರು ಎನ್ನಿ. ಗಣಿತಕ್ಕೆ 4 ಕ್ರೆಡಿಟ್, ಪ್ರೋಗ್ರಾಮಿಂಗ್‌ಗೆ 3, ಇಂಗ್ಲಿಷಿಗೆ 1. ಮೊದಲನೆಯವಳಿಗೆ ಗಣಿತದಲ್ಲಿ 80, ಪ್ರೋಗ್ರಾಮಿಂಗ್‌ನಲ್ಲಿ 70, ಇಂಗ್ಲಿಷಿನಲ್ಲಿ 60. ಎರಡನೆಯವಳಿಗೆ ಇದೇ ಅಂಕಗಳು ತಿರುವುಮುರುವು: ಗಣಿತದಲ್ಲಿ 60, ಇಂಗ್ಲಿಷಿನಲ್ಲಿ 80. ಇಬ್ಬರ ಒಟ್ಟು ಅಂಕವೂ 210, ಶೇಕಡಾ 70. ಆದರೆ ಮೊದಲನೆಯವಳ ಲೆಕ್ಕ 36, 24 ಮತ್ತು 7, ಒಟ್ಟು 67. ಅದನ್ನು 8ರಿಂದ ಭಾಗಿಸಿದರೆ 8.38. ಎರಡನೆಯವಳದ್ದು 28, 24 ಮತ್ತು 9, ಒಟ್ಟು 61. ಅವಳಿಗೆ ಸಿಗುವುದು 7.63. ಓದಿದ್ದು ಒಂದೇ ಸಮ, ಕೂಡಿದ ಅಂಕವೂ ಒಂದೇ. ಅಂತರ ಮಾತ್ರ ಮುಕ್ಕಾಲು ಪಾಯಿಂಟ್!

ಇಂಟರ್ನಲ್ಸ್ ಹಗುರವಲ್ಲ

‘ಇಂಟರ್ನಲ್ಸ್ ತಾನೇ, ಫೈನಲ್‌ನಲ್ಲಿ ನೋಡಿಕೊಂಡರಾಯಿತು’ ಎಂಬ ಮಾತು ಹಾಸ್ಟೆಲುಗಳಲ್ಲಿ ಸಾಮಾನ್ಯ. ಲೆಕ್ಕ ಇದನ್ನು ಒಪ್ಪುವುದಿಲ್ಲ. ಮೇಲೆ ಹೇಳಿದ ಯೋಜನೆಯ ಥಿಯರಿ ವಿಷಯಗಳಲ್ಲಿ ನಿರಂತರ ಮೌಲ್ಯಮಾಪನಕ್ಕೆ 50 ಅಂಕ, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50 ಅಂಕ. ಆದರೆ ಅಂತ್ಯದ ಪ್ರಶ್ನೆಪತ್ರಿಕೆ 100 ಅಂಕಗಳದ್ದು. ಬಂದದ್ದನ್ನು ಅರ್ಧಕ್ಕೆ ಇಳಿಸುತ್ತಾರೆ. ಅಂದರೆ ಟೆಸ್ಟ್, ಅಸೈನ್‌ಮೆಂಟ್‌ಗಳಿಂದ ಸೇರಿದ ಒಂದು ಅಂಕ, ಮೂರು ಗಂಟೆಯ ಪರೀಕ್ಷೆಯ ಎರಡು ಅಂಕಗಳಿಗೆ ಸಮ. ಒಟ್ಟು 80 ಬರಬೇಕಾದರೆ ಇಂಟರ್ನಲ್ಸ್‌ನಲ್ಲಿ 45 ಇರುವವನಿಗೆ ಪರೀಕ್ಷೆಯಲ್ಲಿ 70 ಸಾಕು. 40 ಇರುವವನು 80 ತೆಗೆಯಲೇಬೇಕು.

ತೇರ್ಗಡೆಯ ನಿಯಮದಲ್ಲೂ ಎಚ್ಚರ ಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ ಕನಿಷ್ಠ 20, ಪರೀಕ್ಷೆಯಲ್ಲಿ 100ಕ್ಕೆ ಕನಿಷ್ಠ 35, ಎರಡೂ ಸೇರಿ ಕನಿಷ್ಠ 40 ಬರಬೇಕು. ಎರಡರಲ್ಲೂ ಬರೀ ಕನಿಷ್ಠ ಅಂಕ ಪಡೆದವನ ಮೊತ್ತ 40 ಮುಟ್ಟುವುದಿಲ್ಲ, ಆತ ಫೇಲು. ಇಂಟರ್ನಲ್ಸ್‌ನಲ್ಲಿ 48 ಪಡೆದು ಪರೀಕ್ಷೆಯಲ್ಲಿ 30 ತೆಗೆದವನ ಒಟ್ಟು 63 ಆದರೂ ಅವನೂ ಫೇಲೇ.

ಒಂದು ಅಂಕದ ಮಹಿಮೆ

80 ಬಂದವನಿಗೂ 89 ಬಂದವನಿಗೂ ಗ್ರೇಡ್ ಪಾಯಿಂಟ್ 9. ಆದರೆ 79 ಬಂದವನಿಗೆ 8. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟುವ ಮುನ್ನ ಇದನ್ನು ನೆನಪಿಡಬೇಕು. ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ 79 ಬಂದಿದ್ದರೆ ಉತ್ತರ ಪತ್ರಿಕೆಯಲ್ಲಿ ಎರಡು ಅಂಕ ಹೆಚ್ಚಿದರೂ ಸಾಕು, ಇಪ್ಪತ್ತು ಕ್ರೆಡಿಟ್ಟಿನ ಸೆಮಿಸ್ಟರಿನಲ್ಲಿ ಸರಾಸರಿ 0.2 ಏರುತ್ತದೆ. 83 ಬಂದ ವಿಷಯಕ್ಕೆ ಅರ್ಜಿ ಹಾಕಿದರೆ, ಹದಿನಾಲ್ಕು ಅಂಕ ಏರದ ಹೊರತು ಗ್ರೇಡ್ ಬದಲಾಗದು. ದುಡ್ಡು ದಂಡ.

ಇನ್ನೊಂದು ತಪ್ಪು ತಿಳಿವಳಿಕೆ ಸಿಜಿಪಿಎ ಕುರಿತಾದದ್ದು. ಇದು ಸೆಮಿಸ್ಟರುಗಳ ಎಸ್‌ಜಿಪಿಎಗಳನ್ನು ಸುಮ್ಮನೆ ಕೂಡಿ ಭಾಗಿಸಿದ ಸರಾಸರಿಯಲ್ಲ. 20 ಕ್ರೆಡಿಟ್ಟಿನ ಸೆಮಿಸ್ಟರಿನಲ್ಲಿ 8, 24 ಕ್ರೆಡಿಟ್ಟಿನದರಲ್ಲಿ 7 ಬಂದರೆ ಸಿಜಿಪಿಎ 7.5 ಅಲ್ಲ, 7.45. ಕಂಪನಿಯೊಂದು 7.5 ಇದ್ದವರನ್ನು ಮಾತ್ರ ಸಂದರ್ಶನಕ್ಕೆ ಕರೆದರೆ ಈ ಚಿಕ್ಕ ವ್ಯತ್ಯಾಸವೇ ಬಾಗಿಲು ಮುಚ್ಚಿಬಿಡುತ್ತದೆ.

ಪರ್ಸೆಂಟ್ ಕೇಳಿದರೆ?

ನೌಕರಿಯ ಅರ್ಜಿಗಳು ಇಂದಿಗೂ ಶೇಕಡಾ ಕೇಳುವುದುಂಟು. ಹತ್ತರಿಂದ ಗುಣಿಸುವ ವಿಶ್ವವಿದ್ಯಾಲಯಗಳಿವೆ. ಮೊದಲು 0.75 ಕಳೆದು ಆಮೇಲೆ ಹತ್ತರಿಂದ ಗುಣಿಸುವ ಸೂತ್ರವೂ ಬಳಕೆಯಲ್ಲಿದೆ. 7.75 ಸಿಜಿಪಿಎ ಒಂದು ಸೂತ್ರದಲ್ಲಿ ಶೇ 77.5 ಆದರೆ ಇನ್ನೊಂದರಲ್ಲಿ ಶೇ 70. ಆದ್ದರಿಂದ ಗೆಳೆಯ ಹೇಳಿದ ಸೂತ್ರ ನಂಬದೆ, ತಮ್ಮ ವಿಶ್ವವಿದ್ಯಾಲಯ ತಮ್ಮ ಬ್ಯಾಚಿಗೆ ನಿಗದಿ ಮಾಡಿದ ಸೂತ್ರವನ್ನೇ ಬಳಸಬೇಕು. ಅರ್ಜಿಯಲ್ಲಿ ತಪ್ಪು ಶೇಕಡಾ ಬರೆದು, ದಾಖಲೆ ಪರಿಶೀಲನೆಯ ದಿನ ಪೇಚಿಗೆ ಸಿಲುಕುವುದು ಯಾರಿಗೂ ಬೇಡ.

ಇಲ್ಲಿ ಹೇಳಿದ ಅಂಕಿಗಳು ಒಂದು ಯೋಜನೆಗೆ ಸೇರಿದವು. ಸ್ವಾಯತ್ತ ಕಾಲೇಜುಗಳಲ್ಲಿ, ಬೇರೆ ವಿಶ್ವವಿದ್ಯಾಲಯಗಳಲ್ಲಿ ಪ್ರಮಾಣ ಬೇರೆ ಇರಬಹುದು. ಕ್ರಮ ಬಹುಮಟ್ಟಿಗೆ ಇದೇ. ಸೆಮಿಸ್ಟರಿನ ಮೊದಲ ವಾರದಲ್ಲೇ ಪಠ್ಯಕ್ರಮದ ಪುಸ್ತಿಕೆ ತೆರೆದು, ಪ್ರತಿ ವಿಷಯದ ಕ್ರೆಡಿಟ್, ಇಂಟರ್ನಲ್ಸ್ ಪಾಲು, ಕನಿಷ್ಠ ಅಂಕ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಪೋಷಕರೂ ಒಮ್ಮೆ ಅದರತ್ತ ಕಣ್ಣುಹಾಯಿಸಲಿ. ಫಲಿತಾಂಶದ ದಿನ ‘ಪಕ್ಕದ ಮನೆಯ ಹುಡುಗನಿಗೆ ಎಷ್ಟು?’ ಎಂದು ಕೇಳುವ ಬದಲು, ‘ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ ಎಲ್ಲಿ ಕಷ್ಟವಾಯಿತು?’ ಎಂದು ಕೇಳಿದರೆ ಮಕ್ಕಳು ಉತ್ತರ ಹೇಳಲು ಹಿಂಜರಿಯಲಾರರು.