ಮರುವಿಮಾನಕ್ಕೆ ಕಾಯುವ ಹೊತ್ತು

ಮೆಲ್ಬರ್ನಿನ ಅಕ್ಕನ ಮನೆಗೆ ಹೊರಟ ನನಗೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ 9 ಗಂಟೆ ಕಾಯುವ ಯೋಗ ಒದಗಿತು. ಇಂಥ ಬಿಡುವು ದೊರೆತವರು ಮೊದಲು ಗಡಿಯಾರವನ್ನು ತಿದ್ದಿಕೊಳ್ಳಬೇಕು. ಅಲ್ಲಿನ ವೇಳೆ ನಮಗಿಂತ ಎರಡೂವರೆ ಗಂಟೆ ಮುಂದು. ನಾನು ತಿದ್ದಲಿಲ್ಲ.

2019ರಲ್ಲಿ ತೆರೆದ ‘ಜುವೆಲ್’ ಸೌಧದ 40 ಮೀಟರ್ ಎತ್ತರದ ಜಲಪಾತ ವಲಸೆ ತಪಾಸಣೆಯ ಆಚೆಗಿದೆ. ತಪಾಸಣೆ ದಾಟದವರು ಅಲ್ಲಿಗೆ ಹೋಗುವಂತಿಲ್ಲ. ಆದರೂ ನಿರಾಶೆ ಬೇಡ: 2ನೆಯ ಮತ್ತು 3ನೆಯ ಟರ್ಮಿನಲ್‌ಗಳ ನಡುವೆ ಓಡುವ ಪುಟ್ಟ ರೈಲು ಆ ಸೌಧವನ್ನೇ ಹಾದುಹೋಗುತ್ತದೆ. ಕಾಸಿನ ಖರ್ಚಿಲ್ಲದೆ ಮೂರು ಸಲ ನೋಡಿ ಬಂದೆ!

ಬಳಿಕ 3ನೆಯ ಟರ್ಮಿನಲ್ಲಿನ ಚಿಟ್ಟೆತೋಟದಲ್ಲಿ ಸುತ್ತಾಡಿ, ಹೊರಗೊಂದು ಕುರ್ಚಿಯಲ್ಲಿ ಒರಗಿದೆ. ಇನ್ನೂ ಮೂರು ಗಂಟೆಯಿದೆಯೆಂಬ ನೆಮ್ಮದಿ. ಪಕ್ಕದಲ್ಲಿದ್ದ ಹಿರಿಯರೊಬ್ಬರು ವೇಳೆ ಕೇಳಿದರು. ಹೇಳಿದೆ. ಅವರು ನಕ್ಕು, ಗೋಡೆಯ ಫಲಕದತ್ತ ಬೆರಳು ತೋರಿಸಿದರು. ಉಳಿದದ್ದು ಅರ್ಧ ಗಂಟೆ! ಚೀಲ ಹೆಗಲಿಗೇರಿಸಿ ಓಡಿದೆ. ದ್ವಾರ ಮುಚ್ಚುವವರು ನನ್ನನ್ನೇ ಕಾಯುತ್ತಿದ್ದರು.